ಆಟಕ್ಕೆ ಗೈಡು ಬರೆದ ಅರಸರು



ಮೈಸೂರಿನ ದಟ್ಟಗಳ್ಳಿ ಒಂದು ಕಾಲಕ್ಕೆ ಊರ ಹೊರಗಿನ ಹಳ್ಳಿ. ಈಗ ಸಾಲು ಸಾಲು ಮನೆಗಳ ಬಡಾವಣೆ. ಸಂಜೆ ಅಲ್ಲಿನ ಉದ್ಯಾನದ ಕಲ್ಲುಬೆಂಚಿನ ಮೇಲೆ ನಿಮ್ಮ ವಯಸ್ಸಿನವರು ಮೊಬೈಲ್ ಹಿಡಿದು ಕುಳಿತಿರುವುದನ್ನು ಯಾರು ಬೇಕಾದರೂ ಕಾಣಬಹುದು. ಒಬ್ಬ ಆಡುತ್ತಾನೆ, ಇಬ್ಬರು ಹೆಗಲ ಮೇಲಿಂದ ಬಗ್ಗಿ ಹೇಳಿಕೊಡುತ್ತಾರೆ: ‘ಅಲ್ಲಿ ಹೋಗಬೇಡ’, ‘ಮೊದಲು ಬಾಗಿಲು ತೆಗಿ’, ‘ಈಗ ಹಾರು’. ಈ ಹೇಳಿಕೊಡುವಿಕೆಯನ್ನು ಕಾಗದದ ಮೇಲೆ ಬರೆದಿಟ್ಟರೆ ಅದೇ ಆಟದ ಕೈಪಿಡಿ. ನಿಮ್ಮ ಮಾತಿನಲ್ಲಿ ಹೇಳುವುದಾದರೆ ಗೈಡು.

ವಿಡಿಯೋ ಗೇಮ್‌ಗೆ ಗೈಡು ಬರೆಯುವುದು ನಿನ್ನೆ ಮೊನ್ನೆಯ ಕಸುಬೆಂದು ನೀವು ಭಾವಿಸಿರಬಹುದು. ಆ ಉದ್ಯಾನದಿಂದ ಆರೇಳು ಕಿಲೋಮೀಟರ್ ದೂರದ ಅರಮನೆಯಲ್ಲಿ, ಸುಮಾರು ನೂರೈವತ್ತು ವರ್ಷಗಳ ಹಿಂದೆಯೇ, ಒಬ್ಬ ಅರಸರು ಇದೇ ಕೆಲಸದಲ್ಲಿ ತೊಡಗಿದ್ದರು. ಅವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅವರಿಗೆ ಸಿಕ್ಕಿದ ಯಶಸ್ಸು ಮತ್ತು ಸೋಲು ಎರಡೂ ಇಂದು ಗೈಡು ಬರೆಯಹೊರಟವರಿಗೆ ಬಹಳ ಹತ್ತಿರದವು.

ಮೊದಲು ಅವರ ಸ್ಥಿತಿಯನ್ನು ನೆನೆಯಬೇಕು. 1794ರಲ್ಲಿ ಹುಟ್ಟಿದ ಅವರು 1799ರಲ್ಲಿ ಟಿಪ್ಪು ಸುಲ್ತಾನರ ಪತನದ ನಂತರ ಐದನೆಯ ವಯಸ್ಸಿನಲ್ಲಿ ಸಿಂಹಾಸನ ಏರಿದರು. ದಿವಾನ್ ಪೂರ್ಣಯ್ಯನವರ ಆಡಳಿತದ ನೆರಳಿನಲ್ಲಿ ಬೆಳೆದರು. 1831ರಲ್ಲಿ, ನಗರದ ರೈತ ದಂಗೆಯ ನೆಪವಿಟ್ಟು, ಬ್ರಿಟಿಷರು ರಾಜ್ಯದ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಅಲ್ಲಿಂದ 1868ರಲ್ಲಿ ಕಾಲವಾಗುವವರೆಗೆ, ಅಂದರೆ 37 ವರ್ಷ, ಅವರು ಹೆಸರಿಗೆ ಮಾತ್ರ ಅರಸರು. ರಾಜ್ಯವನ್ನು ಹಿಂದಿರುಗಿಸಿರೆಂದು ಮನವಿಗಳ ಮೇಲೆ ಮನವಿ ಕಳುಹಿಸುತ್ತಲೇ ಇದ್ದರು. ಜೊತೆಗೆ ಪಂಡಿತರನ್ನು, ಚಿತ್ರಗಾರರನ್ನು ಕೂಡಿಸಿಕೊಂಡು ಗ್ರಂಥಗಳನ್ನು ಸಿದ್ಧಪಡಿಸಿದರು, ಆಟಗಳನ್ನು ರಚಿಸಿದರು. ‘ಕೆಲಸವಿಲ್ಲದ ಅರಸನ ಕಾಲಕ್ಷೇಪ’ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಆಡಳಿತ ಕಳೆದುಕೊಂಡ ಮನುಷ್ಯ ತನ್ನ ಬುದ್ಧಿಯನ್ನು ತುಕ್ಕು ಹಿಡಿಯಲು ಬಿಡದೆ ಉಳಿಸಿಕೊಂಡ ಬಗೆ ಇದು.

ಆಟಗಳನ್ನು ಬರೆದಿಡುವ ಪರಂಪರೆ ಕನ್ನಡ ನೆಲಕ್ಕೆ ಅದಕ್ಕೂ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ ಸಂಸ್ಕೃತ ಗ್ರಂಥ. ಅದರ ಐದು ಭಾಗಗಳಲ್ಲಿ ಒಂದನ್ನು ಪೂರ್ತಿಯಾಗಿ ಕ್ರೀಡೆಗಳಿಗೇ ಮೀಸಲಿಡಲಾಗಿದೆ. ಚದುರಂಗ ಮತ್ತು ಪಗಡೆಯ ದಾಳದಾಟಗಳಿಗೆ ಅಲ್ಲಿ ಸ್ಥಾನವಿದೆ. ಮುಮ್ಮಡಿಯವರ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳ ಸಚಿತ್ರ ಗ್ರಂಥ. ಹೆಚ್ಚಿನ ನಿಧಿಗಳಲ್ಲಿ ದೇವತೆಗಳ ಧ್ಯಾನ, ರೂಪ, ಲಕ್ಷಣಗಳು ಇವೆ. ಕೊನೆಯದಾದ ಕೌತುಕನಿಧಿಯಲ್ಲಿ 122 ಯೋಗಾಸನಗಳ ಚಿತ್ರಗಳಿವೆ, ಆಟಗಳಿವೆ. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಮೇಲಂತಸ್ತಿನ ರಂಗಮಹಲಿನಲ್ಲಿ ಆಟದ ಮನೆಗಳನ್ನು ಗೋಡೆಯ ಮೇಲೆಯೇ ಬಣ್ಣದಲ್ಲಿ ಬರೆಸಿದರು. ಗೈಡನ್ನು ಗೋಡೆಗೇರಿಸಿದ ಅರಸರು ಬೇರೆಲ್ಲಾದರೂ ಇದ್ದರೋ ಇಲ್ಲವೋ!

ಅವರಿಗೆ ಅತ್ಯಂತ ಪ್ರಿಯವಾಗಿದ್ದ ಸಮಸ್ಯೆಯೆಂದರೆ ಚದುರಂಗದ ಕುದುರೆಯ ನಡೆ. ಕುದುರೆ ಒಂದು ದಿಕ್ಕಿಗೆ ಎರಡು ಮನೆ, ಅಡ್ಡಕ್ಕೆ ಒಂದು ಮನೆ ಹಾರುತ್ತದೆಂಬುದು ನಿಮಗೆ ಗೊತ್ತು. ಹೀಗೆ ಹಾರುತ್ತ, ಯಾವ ಮನೆಯನ್ನೂ ಎರಡನೆಯ ಸಲ ಮುಟ್ಟದೆ, 64 ಮನೆಗಳನ್ನೂ ಸುತ್ತಿ ಬರಬೇಕು. ಯೂರೋಪಿನಲ್ಲಿ ಗಣಿತಜ್ಞ ಆಯ್ಲರ್ 1759ರಲ್ಲಿ ಇದನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದರು. ನಮ್ಮಲ್ಲಿ ಅದು ಕಾವ್ಯದ ಒಳಗೇ ಇತ್ತು. 9ನೆಯ ಶತಮಾನದ ಕಾಶ್ಮೀರದ ರುದ್ರಟನ ಅಲಂಕಾರಗ್ರಂಥದಲ್ಲಿ ‘ತುರಗಪದ’ ಎಂಬ ಚಿತ್ರಕವಿತ್ವವಿದೆ. ವೇದಾಂತದೇಶಿಕರ ‘ಪಾದುಕಾಸಹಸ್ರ’ದಲ್ಲಿ 32 ಅಕ್ಷರಗಳ ಒಂದು ಶ್ಲೋಕವನ್ನು ಎಂಟೆಂಟು ಅಕ್ಷರದ ನಾಲ್ಕು ಸಾಲಾಗಿ ಬರೆದು, ಕುದುರೆ ಹಾರಿದ ಕ್ರಮದಲ್ಲಿ ಓದಿದರೆ ಮುಂದಿನ ಶ್ಲೋಕ ಹೊರಡುತ್ತದೆ. ಎರಡೂ ಶ್ಲೋಕ ಬಾಯಿಪಾಠ ಬಂದವನಿಗೆ ಕುದುರೆಯ ಹಾದಿಯೂ ಬಾಯಿಪಾಠ ಬಂದ ಹಾಗೆಯೇ.

ಮುಮ್ಮಡಿಯವರು ಈ ನಡೆಗೆ ಅನೇಕ ಪರಿಹಾರಗಳನ್ನು ಕೊಟ್ಟರು. ಅವರ ಹೆಸರಿನಲ್ಲಿ ಬಂದಿರುವ ಒಂದು ಪರಿಹಾರವಂತೂ ಇನ್ನೂ ಸೋಜಿಗದ್ದು. ಕುದುರೆ ಮುಟ್ಟಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕುತ್ತ ಹೋದರೆ, ಪ್ರತಿ ಅಡ್ಡಸಾಲಿನ ಮೊತ್ತ 260, ಪ್ರತಿ ಉದ್ದಸಾಲಿನ ಮೊತ್ತವೂ 260. 260 ಏಕೆಂದು ನೀವೇ ಲೆಕ್ಕ ಹಾಕಬಹುದು: 1ರಿಂದ 64ರವರೆಗಿನ ಒಟ್ಟು ಮೊತ್ತ 2080, ಅದನ್ನು ಎಂಟು ಸಾಲಿಗೆ ಹಂಚಬೇಕು. ಇಂಗ್ಲೆಂಡಿನಲ್ಲಿ ವಿಲಿಯಂ ಬೆವರ್ಲಿ ಎಂಬವರು ಇಂಥದೊಂದನ್ನು 1848ರಲ್ಲಿ ಪ್ರಕಟಿಸಿದ್ದರು. ಎರಡು ಕರ್ಣಗಳೂ 260 ಆಗುವಂತೆ ಮಾಡಲು ಸಾಧ್ಯವೇ ಎಂಬ ಪ್ರಶ್ನೆ ಬಹುಕಾಲ ಹಾಗೆಯೇ ಉಳಿದಿತ್ತು. 2003ರಲ್ಲಿ ಕಂಪ್ಯೂಟರ್ ಎಲ್ಲ ಸಾಧ್ಯತೆಗಳನ್ನೂ ಶೋಧಿಸಿ, ಅದು ಸಾಧ್ಯವಿಲ್ಲವೆಂದು ತೀರ್ಮಾನಿಸಿತು. ಅಡ್ಡ ಮತ್ತು ಉದ್ದ ಸಾಲುಗಳು ಮಾತ್ರ ಸರಿಹೊಂದುವ ನಡೆಗಳು ಮೂಲತಃ 140 ಮಾತ್ರ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೀಗೆ ಅಂಕಿ ತುಂಬಿದ ಮನೆಯನ್ನು ನಿಮ್ಮ ಕೈಗೆ ಕೊಟ್ಟರೆ ನಿಮಗೆ ಕುದುರೆ ನಡೆಸಲು ಬಂತೆ? ಪರೀಕ್ಷೆಯ ಗೈಡುಗಳಲ್ಲಿ ಲೆಕ್ಕಕ್ಕೆ ಉತ್ತರವನ್ನಷ್ಟೇ ಅಚ್ಚುಹಾಕಿರುವುದುಂಟಲ್ಲವೆ, ಇದೂ ಹಾಗೆಯೆ ಆಯಿತಲ್ಲ!

ಪರೀಕ್ಷಿಸಿಯೇ ನೋಡೋಣ. ಕಾಗದದ ಮೇಲೆ ಮೂರು ಅಡ್ಡಸಾಲು, ನಾಲ್ಕು ಉದ್ದಸಾಲಿನ 12 ಮನೆಗಳನ್ನು ಬರೆದುಕೊಳ್ಳಿ. ಎಡಗಡೆಯ ಮೇಲಿನ ಮೂಲೆಯಲ್ಲಿ ಕುದುರೆ ನಿಲ್ಲಿಸಿ. ಅದು ಎರಡೇ ಕಡೆ ಹಾರಬಲ್ಲದು: ಎರಡನೆಯ ಸಾಲಿನ ಮೂರನೆಯ ಮನೆಗೆ, ಇಲ್ಲವೆ ಮೂರನೆಯ ಸಾಲಿನ ಎರಡನೆಯ ಮನೆಗೆ. ಯಾವುದಕ್ಕೆ ಹಾರುತ್ತೀರಿ? ಎರಡನೆಯದನ್ನು ಆರಿಸಿಕೊಂಡವರು ಮುಂದೆ ಎಷ್ಟೇ ಜಾಣತನ ತೋರಿದರೂ 12 ಮನೆಗಳನ್ನು ಮುಗಿಸಲಾರರು. ಮೊದಲ ಹೆಜ್ಜೆಯಲ್ಲೇ ಆಟ ಕೈತಪ್ಪಿರುತ್ತದೆ; ಅದು ತಿಳಿಯುವುದು ಮಾತ್ರ ಬಹಳ ತಡವಾಗಿ.

ಪೂರ್ತಿ ಹಾದಿಯನ್ನು ಕೊಡುವ ಗೈಡು ಹೀಗೆ ಬರೆಯುತ್ತದೆ. ಮೊದಲ ಸಾಲು: 1, 4, 7, 10. ಎರಡನೆಯ ಸಾಲು: 12, 9, 2, 5. ಮೂರನೆಯ ಸಾಲು: 3, 6, 11, 8. ಅಂಕಿ ಹಿಡಿದು ಹೊರಟರೆ ತಪ್ಪುವುದಿಲ್ಲ.

ಇನ್ನೊಂದು ಬಗೆಯ ಗೈಡು 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಎಂಬವರು ಬರೆದದ್ದು. ಅವರು ಹೇಳಿದ ಸೂತ್ರ ಒಂದೇ: ಹಾರುವ ಮುನ್ನ ಎದುರಿನ ಪ್ರತಿ ಮನೆಯಿಂದ ಮುಂದಕ್ಕೆ ಎಷ್ಟು ದಾರಿ ಉಳಿದಿವೆಯೆಂದು ಎಣಿಸು, ಯಾವುದಕ್ಕೆ ಅತಿ ಕಡಿಮೆಯೋ ಅಲ್ಲಿಗೆ ಹಾರು. ನಮ್ಮ 12 ಮನೆಗಳಲ್ಲಿ ಎಣಿಸಿ. ಮೊದಲನೆಯದರಿಂದ ಮುಂದೆ ಒಂದೇ ದಾರಿ, ಎರಡನೆಯದರಿಂದ ಎರಡು. ಆದ್ದರಿಂದ ಮೊದಲನೆಯದು. ಕಷ್ಟದ ಮನೆಯನ್ನು ಈಗಲೇ ಮುಗಿಸದಿದ್ದರೆ ಆಮೇಲೆ ಅಲ್ಲಿಗೆ ತಲುಪುವ ದಾರಿಯೇ ಇರುವುದಿಲ್ಲ ಎಂಬುದು ಇದರ ಹಿಂದಿನ ಯೋಚನೆ. ಇದೇ ಸೂತ್ರವನ್ನು ಹಿಡಿದು ಏಳನೆಯ ಮನೆಯವರೆಗೆ ಬಂದರೆ ಅಲ್ಲಿ ಎರಡು ದಾರಿಗಳು ಸಮಸಮವಾಗಿ ನಿಲ್ಲುತ್ತವೆ. ಯಾವುದನ್ನು ಹಿಡಿದರೂ ಆಟ ಮುಗಿಯುತ್ತದೆ.

ಹಾದಿ ಕೊಡುವ ಗೈಡು, ಸೂತ್ರ ಕೊಡುವ ಗೈಡು: ವಿಡಿಯೋ ಗೇಮ್‌ಗಳ ಚರಿತ್ರೆಯಲ್ಲಿಯೂ ಈ ಎರಡು ಬಗೆಗಳು ಮುಖಾಮುಖಿಯಾದವು. 1980ರಲ್ಲಿ ಜಪಾನಿನ ನಾಮ್ಕೋ ಕಂಪನಿ ‘ಪ್ಯಾಕ್‌ಮ್ಯಾನ್’ ಆಟವನ್ನು ಹೊರತಂದಿತು. ಓಣಿಗಳ ಜಾಲದಲ್ಲಿ ಚುಕ್ಕೆಗಳನ್ನು ನುಂಗುತ್ತ ಓಡುವ ಹಳದಿ ಬಾಯಿ. ಬೆನ್ನಟ್ಟುವ ನಾಲ್ಕು ಭೂತಗಳು. ಆ ಭೂತಗಳು ಅದೃಷ್ಟದ ಮೇಲೆ ಓಡುತ್ತಿರಲಿಲ್ಲ. ನೀವು ಎರಡು ಸಲ ಒಂದೇ ರೀತಿ ಆಡಿದರೆ ಅವೂ ಎರಡು ಸಲ ಒಂದೇ ರೀತಿ ಓಡುತ್ತಿದ್ದವು. ಇದನ್ನು ಕಂಡುಕೊಂಡವರು ಇಲ್ಲಿ ಎಡಕ್ಕೆ, ಅಲ್ಲಿ ಬಲಕ್ಕೆ ಎಂದು ಹಾದಿಯ ನಕ್ಷೆಗಳನ್ನು ಪುಸ್ತಕವಾಗಿ ಅಚ್ಚುಹಾಕಿದರು. ಅಮೆರಿಕದಲ್ಲಿ ಅವು ಭರದಿಂದ ಮಾರಾಟವಾದವು. 1982ರ ‘ಮಿಸ್ ಪ್ಯಾಕ್‌ಮ್ಯಾನ್’ ಆಟದಲ್ಲಿ ಭೂತಗಳ ಓಟಕ್ಕೆ ಸ್ವಲ್ಪ ಅನಿಶ್ಚಿತತೆ ಬೆರೆಸಿದರು. ಅಷ್ಟಕ್ಕೇ ಬಾಯಿಪಾಠದ ಹಾದಿಗಳು ಕೆಲಸಕ್ಕೆ ಬಾರದಾದವು. ಭೂತಗಳು ಏಕೆ ಹಾಗೆ ತಿರುಗುತ್ತವೆಂದು ತಿಳಿದುಕೊಂಡವರು ಮಾತ್ರ ಅಲ್ಲಿಯೂ ಆಡಬಲ್ಲವರಾಗಿದ್ದರು.

ಹಾಗೆಂದು ಹಾದಿ ಕೊಡುವುದು ಕೀಳು ಎಂದು ತಿಳಿಯಬೇಡಿ. ಅದಕ್ಕೂ ಒಂದು ಜಾಣತನವಿದೆ. ಕುದುರೆ ಕೊನೆಯ ಮನೆಯಿಂದ ಮತ್ತೆ ಮೊದಲ ಮನೆಗೆ ಹಾರಲು ಬರುವಂತಿದ್ದರೆ ಆ ನಡೆ ಬಳೆಯಂತೆ ಮುಚ್ಚಿಕೊಳ್ಳುತ್ತದೆ. ಅಂಥ ಒಂದೇ ಒಂದು ನಡೆಯನ್ನು ಕಲಿತರೂ ಸಾಕು, ಎದುರಿನವರು 64ರಲ್ಲಿ ಯಾವ ಮನೆಯನ್ನು ತೋರಿಸಿದರೂ ಅಲ್ಲಿಂದಲೇ ಆರಂಭಿಸಬಹುದು. ಯಾವ ಹಾದಿಯನ್ನು ಆರಿಸಿ ಹೇಳಿಕೊಡಬೇಕೆಂಬುದರಲ್ಲಿ ಬರೆಯುವವನ ವಿವೇಕ ಕಾಣುತ್ತದೆ.

ಈಗ ಮುಮ್ಮಡಿಯವರ ಸೋಲಿನ ಕಡೆಗೆ ಬರೋಣ. ಗಂಜೀಫಾ ಎಂಬ, ಕೈಯಿಂದ ಚಿತ್ರಿಸಿದ ಇಸ್ಪೀಟಿನಂಥ ಎಲೆಗಳ ಆಟ ಮೊಗಲರ ಕಾಲದಿಂದ ಪ್ರಚಾರದಲ್ಲಿತ್ತು. ಮುಮ್ಮಡಿಯವರು ಅದನ್ನು ಹಿಡಿದು ‘ಛದ’ ಎಂಬ ಹೆಸರಿನಲ್ಲಿ ತಮ್ಮದೇ ಆದ ಆಟಗಳ ಒಂದು ಸರಣಿಯನ್ನೇ ರಚಿಸಿದರು. ನಾಲ್ಕು ಬಣ್ಣಗಳ, 52 ಎಲೆಗಳ ಇಸ್ಪೀಟು ನಿಮಗೆ ಗೊತ್ತು. ಛದದಲ್ಲಿ 18 ಬಣ್ಣಗಳವರೆಗೆ ಇದ್ದವು. ಒಂದೊಂದು ಬಣ್ಣಕ್ಕೆ ಸಾಮಾನ್ಯವಾಗಿ 12 ಅಂಕಿ ಎಲೆಗಳು, ಆರು ಚಿತ್ರದ ಎಲೆಗಳು. ಒಂದು ಕಟ್ಟಿನಲ್ಲಿ 360 ಎಲೆಗಳವರೆಗೂ ಇರುತ್ತಿದ್ದವು. ಅದರ ಮೇಲೆ ಸದಾಕಾಲ ಹೆಚ್ಚಿನ ಬೆಲೆಯ ತುರುಫು ಬಣ್ಣಗಳು, ಯಾವುದರ ಬದಲಿಗಾದರೂ ನಿಲ್ಲುವ ಎಲೆಗಳು. ಕೌತುಕನಿಧಿಯಲ್ಲಿ ಇವನ್ನು ಬರೆದಿಡಲಾಯಿತು. ಬರಹದಲ್ಲಿ ಕೊರತೆಯಿರಲಿಲ್ಲ, ಚಿತ್ರಗಳಂತೂ ಅದ್ಭುತ. ಆದರೂ ಛದ ಅರಮನೆಯ ಹೊಸ್ತಿಲು ದಾಟಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. 360 ಎಲೆಗಳನ್ನು ಚಿತ್ರಿಸಿಕೊಡುವ ಕಲಾವಿದರನ್ನು ಸಾಕುವ ಶಕ್ತಿ ಪೇಟೆಯ ಮನೆಗಳಿಗೆ ಎಲ್ಲಿಂದ ಬರಬೇಕು? ಗ್ರಂಥವಾದರೂ ಕೈಬರಹದ ಬೆಲೆಬಾಳುವ ಪ್ರತಿ. ಅದನ್ನು ಕಂಡವರೇ ಕೆಲವರು. ಆದರೆ ಕುದುರೆಯ ನಡೆಗೆ ಬೇಕಾದದ್ದು ಎಲ್ಲರ ಮನೆಯಲ್ಲೂ ಇದ್ದ ಚದುರಂಗದ ಹಾಸು. ಅದೂ ಇಲ್ಲದಿದ್ದರೆ ನೆಲದ ಮೇಲೆ ಸುಣ್ಣದ ಗೆರೆ, ಒಂದು ಹಿಡಿ ಹುಣಸೆಬೀಜ. ಹೀಗಾಗಿ ಒಬ್ಬರೇ ಬರೆದ ಎರಡು ಬಗೆಯ ಬರಹಗಳಲ್ಲಿ ಒಂದು ದೇಶವಿದೇಶಗಳ ಗಣಿತಪ್ರಿಯರ ಕೈಗೆ ತಲುಪಿತು, ಇನ್ನೊಂದು ಕಲಾಸಂಗ್ರಹದ ವಸ್ತುವಾಯಿತು. ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರು ಆ ಚಿತ್ರಕಲೆಗೆ ಮರುಜೀವ ಕೊಟ್ಟಿದ್ದಾರೆ. ಕೊಳ್ಳುವವರು ಅವಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ.

ಆದರೂ ಬರೆದಿಟ್ಟದ್ದರಿಂದಲೇ ಛದ ಎಂಬ ಆಟವಿತ್ತೆಂದು ನಮಗೆ ತಿಳಿಯಿತು ಎಂಬುದನ್ನು ಮರೆಯುವಂತಿಲ್ಲ. ಹಳೆಯ ದೇವಾಲಯಗಳ ಪ್ರಾಕಾರದಲ್ಲಿ, ಮಂಟಪದ ಜಗಲಿಗಳಲ್ಲಿ ನೀವು ನೆಲದ ಕಡೆ ಕಣ್ಣು ಹಾಯಿಸಿದರೆ ಕಲ್ಲಿನಲ್ಲಿ ಕೊರೆದ ಆಟದ ಮನೆಗಳು ಕಾಣಸಿಗುತ್ತವೆ. ಹುಲಿ-ಕುರಿಯಾಟದ ಗೆರೆಗಳನ್ನು, ಅಳಗುಳಿಮಣೆಯ ಗುಳಿಗಳನ್ನು ಅಜ್ಜಿಯರು ಕೂಡಲೇ ಗುರುತಿಸುತ್ತಾರೆ. ಕೆಲವು ಮನೆಗಳನ್ನು ಮಾತ್ರ ಯಾರೂ ಗುರುತಿಸಲಾರರು. ಕಲ್ಲು ಉಳಿದಿದೆ, ಆಡುವ ಬಗೆ ಹೋಗಿದೆ. ನಿಮ್ಮ ಮೊಬೈಲ್‌ನ ಆಟಗಳ ಆಯುಷ್ಯ ಇನ್ನೂ ಚಿಕ್ಕದು. ಕಂಪನಿ ತನ್ನ ಸರ್ವರ್ ನಿಲ್ಲಿಸಿದ ದಿನ ಅನೇಕ ಆಟಗಳಿಗೆ ಕಲ್ಲೂ ಉಳಿಯುವುದಿಲ್ಲ. ಆಡಿದವರು ಬರೆದ ಕೈಪಿಡಿಯಷ್ಟೇ ಉಳಿಯುತ್ತದೆ.

ನೀವೂ ಒಂದನ್ನು ಬರೆಯಬೇಕೆಂದಿದ್ದರೆ ಆ 12 ಮನೆಗಳ ಕುದುರೆಯಿಂದಲೇ ಆರಂಭಿಸಿ. ಮೊದಲು ಅಂಕಿಗಳನ್ನು ಮುಚ್ಚಿಡಿ. ಚದುರಂಗ ಬಾರದ ತಮ್ಮನನ್ನೋ ತಂಗಿಯನ್ನೋ ಎದುರಿಗೆ ಕೂರಿಸಿಕೊಂಡು, ಕೈಯಿಂದ ತೋರಿಸದೆ, ಬಾಯಿಮಾತಿನಲ್ಲೇ ಹೇಳಿಕೊಡಿ. ಅವರು ಎಲ್ಲಿ ತಡವರಿಸಿ ‘ಏಕೆ?’ ಎಂದು ಕೇಳುತ್ತಾರೋ ಆ ಜಾಗವನ್ನು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ನಿಮ್ಮ ಗೈಡಿನಲ್ಲಿ ಎರಡು ಸಾಲು ಹೆಚ್ಚು ಬರೆಯಬೇಕಾದದ್ದು ಅಲ್ಲಿಯೇ.