ತಕಲಿಯ ಸುತ್ತಣ ಪಾಠಗಳು

ಗಣಿತಕ್ಕೊಂದು ಅವಧಿ, ಭೂಗೋಳಕ್ಕೊಂದು ಅವಧಿ, ಭಾಷೆಗೊಂದು ಅವಧಿ ಎಂದು ಹಗಲನ್ನು ತುಂಡರಿಸಿ, ಒಂದರಲ್ಲಿ ಕಲಿತುದಕ್ಕೂ ಮತ್ತೊಂದರಲ್ಲಿ ಕಲಿಯಬೇಕಾದುದಕ್ಕೂ ಯಾವ ನಂಟೂ ಇಲ್ಲವೆಂಬಂತೆ ಮಕ್ಕಳ ಮುಂದಿಡುವ ಪದ್ಧತಿಯನ್ನು ಕುರಿತು ಅತೃಪ್ತಿ ತಾಳಿದವರು ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿಯೇ ಇದ್ದರು. ತತ್ತ್ವಜ್ಞನಾದ ಹರ್ಬಾರ್ಟನ ಅನುಯಾಯಿ, ಲೈಪ್‌ಜಿಗ್ ನಗರದ ಅಧ್ಯಾಪಕ ಟುಯಿಸ್ಕನ್ ಜಿಲ್ಲರ್, ವರ್ಷಕ್ಕೊಂದು ಕಥಾವಸ್ತುವನ್ನು ನಡುವೆ ನಿಲ್ಲಿಸಿ ಉಳಿದ ಪಾಠಗಳೆಲ್ಲವನ್ನೂ ಅದರ ಸುತ್ತ ಜೋಡಿಸುವ ಕ್ರಮವನ್ನು ರೂಪಿಸಿದನು. ಮೊದಲನೆಯ ವರ್ಷಕ್ಕೆ ಗ್ರಿಮ್ ಸೋದರರು ಸಂಗ್ರಹಿಸಿದ ಜಾನಪದ ಕಥೆಗಳು, ಎರಡನೆಯ ವರ್ಷಕ್ಕೆ ರಾಬಿನ್‌ಸನ್ ಕ್ರೂಸೋ. ನಿರ್ಜನ ದ್ವೀಪದಲ್ಲಿ ಒಬ್ಬಂಟಿಗನಾದ ಮನುಷ್ಯನು ಸೂರು ಕಟ್ಟುವುದು, ಧಾನ್ಯ ಬೆಳೆಯುವುದು, ದಿನಗಳನ್ನು ಎಣಿಸುವುದು ಇವುಗಳೆಲ್ಲದರಿಂದ ಎಣಿಕೆಯೂ ನಿಸರ್ಗಪರಿಚಯವೂ ಚಿತ್ರಲೇಖನವೂ ಹೊರಡಬೇಕೆಂಬುದು ಅವನ ಆಶಯವಾಗಿದ್ದಿತು. ಕಲ್ಪನೆ ದೊಡ್ಡದು, ಆದರೆ ಆ ದ್ವೀಪವಿದ್ದುದು ಪುಸ್ತಕದ ಪುಟಗಳಲ್ಲಿ, ಮಕ್ಕಳಿದ್ದುದು ಬೆಂಚುಗಳ ಮೇಲೆ.

ಕಥೆಯ ಸ್ಥಾನದಲ್ಲಿ ಕೆಲಸವನ್ನೇ ತಂದು ನಿಲ್ಲಿಸಿದವನು ಅಮೆರಿಕದ ಜಾನ್ ಡ್ಯೂಯಿ. 1896ರಲ್ಲಿ ಅವನು ಷಿಕಾಗೋ ವಿಶ್ವವಿದ್ಯಾಲಯದಲ್ಲಿ ತೆರೆದ ಪ್ರಾಯೋಗಿಕ ಶಾಲೆಯಲ್ಲಿ ಅಡುಗೆ, ಮರಗೆಲಸ, ನೂಲುವಿಕೆಗಳೇ ಪಾಠಗಳ ಬೇರುಗಳಾದವು. ಅಲ್ಲಿಯ ಒಂದು ಸಂಗತಿಯನ್ನು ಅವನೇ ಬರೆದಿಟ್ಟಿದ್ದಾನೆ. ಮಕ್ಕಳ ಕೈಗೆ ಹತ್ತಿಯ ಕಾಯಿಗಳನ್ನೂ ಕುರಿಯ ಉಣ್ಣೆಯನ್ನೂ ಕೊಟ್ಟರು. ಅರ್ಧ ಗಂಟೆ ಬೆರಳುಗಳಿಂದ ಬೀಜ ಬಿಡಿಸಿದರೂ ಗುಂಪೊಂದಕ್ಕೆ ದೊರೆತ ಅರಳೆ ಒಂದು ಔನ್ಸಿಗಿಂತಲೂ ಕಡಿಮೆಯಾಯಿತು. ತಮ್ಮ ಪೂರ್ವಜರು ಹತ್ತಿಗಿಂತ ಉಣ್ಣೆಯನ್ನೇ ಏಕೆ ಹೆಚ್ಚಾಗಿ ಧರಿಸುತ್ತಿದ್ದರೆಂಬುದು ಆ ಮಕ್ಕಳಿಗೆ ಯಾರೂ ಹೇಳದೆಯೇ ತಿಳಿಯಿತು. ಬೀಜ ಬಿಡಿಸುವ ಯಂತ್ರದ ಶೋಧವು ಏಕೆ ಇತಿಹಾಸದ ಪುಟ ಸೇರಿತೆಂಬುದೂ ತಿಳಿಯಿತು. ಇತಿಹಾಸದ ಪಾಠವು ಬೆರಳ ತುದಿಯ ನೋವಿನಿಂದ ಆರಂಭವಾದ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಬೇರೆಲ್ಲಿಯೂ ಓದಿಲ್ಲ.

ನಮ್ಮ ದೇಶದಲ್ಲಿ ಈ ವಿಚಾರವು ಪಡೆದ ರೂಪವು ಬೇರೆ, ಅದರ ಧೈರ್ಯವೂ ಬೇರೆ. 1937ರ ಅಕ್ಟೋಬರ್ 22 ಮತ್ತು 23ರಂದು ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ವಾರ್ಧಾದಲ್ಲಿ ನೆರೆದ ಶಿಕ್ಷಣ ಪರಿಷತ್ತು, ಏಳು ವರ್ಷಗಳ ಉಚಿತ ಹಾಗೂ ಕಡ್ಡಾಯ ಶಿಕ್ಷಣವು ಮಾತೃಭಾಷೆಯಲ್ಲಿ ನಡೆಯಬೇಕೆಂದೂ, ಉತ್ಪಾದಕವಾದ ಕೈಕಸುಬೊಂದು ಅದರ ಕೇಂದ್ರವಾಗಿ ಉಳಿದ ವಿಷಯಗಳೆಲ್ಲವೂ ಸಾಧ್ಯವಾದಮಟ್ಟಿಗೆ ಅದರೊಡನೆ ಸಮನ್ವಯಗೊಳ್ಳಬೇಕೆಂದೂ ನಿರ್ಣಯಿಸಿತು. ಡಾ. ಜಾಕಿರ್ ಹುಸೇನರ ನೇತೃತ್ವದಲ್ಲಿ ನೇಮಕವಾದ ಸಮಿತಿಯಲ್ಲಿ ವಿನೋಬಾ ಭಾವೆ, ಜೆ. ಸಿ. ಕುಮಾರಪ್ಪ, ಕೆ. ಜಿ. ಸೈಯಿದೇನ್ ಮೊದಲಾದವರೊಡನೆ, ಬೆಳಗಾವಿ ಕಾರವಾರಗಳ ನೆಲದಲ್ಲಿ ಬಾಲ್ಯವನ್ನು ಕಳೆದ ಕಾಕಾ ಕಾಲೇಲಕರರೂ ಇದ್ದರು. ಡಿಸೆಂಬರ್ 2ರಂದು ವರದಿ ಸಿದ್ಧವಾಯಿತು. 1938ರ ಫೆಬ್ರವರಿಯಲ್ಲಿ ಹರಿಪುರ ಕಾಂಗ್ರೆಸ್ ಅಧಿವೇಶನವು ಅದಕ್ಕೆ ಸಮ್ಮತಿಯಿತ್ತಿತು. ತರುವಾಯ ಈ ಶಿಕ್ಷಣವನ್ನು ನಡೆಸಲೆಂದು ಹುಟ್ಟಿದ ಹಿಂದುಸ್ತಾನಿ ತಾಲೀಮಿ ಸಂಘವು ಸೇವಾಗ್ರಾಮದಲ್ಲಿ ನೆಲೆನಿಂತಿತು. ಅದರ ಭಾರವನ್ನು ಹೊತ್ತವರು, ಶಾಂತಿನಿಕೇತನದಲ್ಲಿ ರವೀಂದ್ರರ ಸನ್ನಿಧಿಯಲ್ಲಿ ಕೆಲಸ ಮಾಡಿ ಬಂದಿದ್ದ ಆರ್ಯನಾಯಕಂ ಮತ್ತು ಆಶಾದೇವಿ ದಂಪತಿಗಳು.

ಆ ವರದಿಯ ದಿನಚರಿಯನ್ನು ನೋಡಿದವರು ಇಂದಿಗೂ ಬೆರಗಾಗುತ್ತಾರೆ. ಐದೂವರೆ ಗಂಟೆಗಳ ಶಾಲೆಯಲ್ಲಿ ಕಸುಬಿಗೆ 3 ಗಂಟೆ 20 ನಿಮಿಷ; ಸಂಗೀತ, ಚಿತ್ರಕಲೆ, ಗಣಿತ ಮೂರಕ್ಕೂ ಸೇರಿ 40 ನಿಮಿಷ; ಮಾತೃಭಾಷೆಗೆ 40; ಸಮಾಜ ಪರಿಚಯ ಮತ್ತು ಸಾಮಾನ್ಯ ವಿಜ್ಞಾನಗಳಿಗೆ 30; ವ್ಯಾಯಾಮಕ್ಕೆ 10, ವಿರಾಮಕ್ಕೆ 10. ಗಣಿತಕ್ಕೆ ಇಷ್ಟೆಯೇ ಎಂದು ಕೇಳುವವರಿಗೆ ಸಮಿತಿಯು ಕೊಡಬಹುದಾಗಿದ್ದ ಉತ್ತರವು ಆ 3 ಗಂಟೆ 20 ನಿಮಿಷಗಳೊಳಗೇ ಅಡಗಿದ್ದಿತು. ಕಸುಬಿನ ವೇಳೆಯೆಂದರೆ ಗಣಿತಕ್ಕೂ ವಿಜ್ಞಾನಕ್ಕೂ ಭೂಗೋಳಕ್ಕೂ ಸಂದ ವೇಳೆಯೆಂದೇ ಅದರ ಭಾವನೆ.

ಆ ಭಾವನೆಯು ನಿಜವಾಗುವ ಬಗೆಯನ್ನು ಒಂದು ಎಳೆ ನೂಲಿನಲ್ಲಿಯೇ ನೋಡಬಹುದು. ಅರಳೆಯನ್ನು ಹಿಂಜಿ, ಹಂಜಿ ಮಾಡಿ, ತಕಲಿಯನ್ನು ತಿರುಗಿಸಿ ಮಗುವು ನೂಲು ತೆಗೆಯುತ್ತದೆ. ಆ ನೂಲು ಎಷ್ಟು ನಂಬರಿನದೆಂದು ಕಂಡುಹಿಡಿಯಬೇಕು. ಒಂದು ಪೌಂಡು ತೂಕದಲ್ಲಿ 840 ಗಜಗಳ ಲಡಿಗಳು ಎಷ್ಟಾಗುವುವೋ ಅಷ್ಟು ಆ ನೂಲಿನ ನಂಬರು. ಹತ್ತು ನಂಬರಿನ ನೂಲಾದರೆ ಪೌಂಡಿಗೆ 8400 ಗಜ, ಎಂದರೆ ನಾಲ್ಕೂಮುಕ್ಕಾಲು ಮೈಲಿಗಿಂತ ತುಸು ಹೆಚ್ಚು. ಅಂಗೈಯಲ್ಲಿ ಹಿಡಿಯಬಹುದಾದ ನೂಲು ಪಕ್ಕದ ಊರನ್ನು ಮುಟ್ಟಿ ಬರಬಲ್ಲುದೆಂಬ ಅರಿವು ಭಾಗಾಕಾರದ ಲೆಕ್ಕಕ್ಕೆ ಜೀವ ಬರಿಸುತ್ತದೆ. ಬೇಸಗೆಯ ಒಣಗಾಳಿಯಲ್ಲಿ ಎಳೆ ಪದೇ ಪದೇ ಹರಿಯುತ್ತದೆ, ಗಾಳಿ ಹಸಿಯಾಗಿದ್ದರೆ ತಾಳಿಕೊಳ್ಳುತ್ತದೆ. ಅಲ್ಲಿಂದ ಆರ್ದ್ರತೆಯ ಪಾಠ, ಮಳೆಬಿದ್ದು ತಣ್ಣಗಿರುವ ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ಹತ್ತಿಯ ಗಿರಣಿಗಳು ಬೆಳೆದುದರ ಪಾಠ.

ಧಾರವಾಡ ಸೀಮೆಯ ಎರೆಭೂಮಿಯ ಮಗುವಿಗಾದರೆ ಈ ಪಾಠವು ಇನ್ನೂ ಮುಂದೆ ಹೋಗಬಲ್ಲುದು. ಅಮೆರಿಕದ ಬೀಜವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲ ಅಧಿಕಾರಿಗಳು ಅದೇ ಎರೆಯಲ್ಲಿ ಬಿತ್ತಿಸಿ ಬೆಳೆಸಿದ್ದು, 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಷೈರಿಗೆ ಹತ್ತಿ ಬರದಾದಾಗ ಧಾರವಾಡದ ಹತ್ತಿಗೆ ಬೆಲೆ ಬಂದದ್ದು, ಅದನ್ನು ಹಡಗಿಗೇರಿಸಲು ಕಾರವಾರದ ಬಂದರಿನ ಮೇಲೆ ಕಣ್ಣಿಟ್ಟು 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಿದ್ದು: ಇವೆಲ್ಲವೂ ಆ ಮಗುವಿನ ತಂದೆಯ ಹೊಲದ ಬದುವಿನಿಂದಲೇ ಹೊರಟ ಇತಿಹಾಸ. ಮೇಷ್ಟರು ಯಾವ ಎಳೆಯನ್ನೂ ಬಲವಂತವಾಗಿ ಎಳೆಯಬೇಕಾಗಿಲ್ಲ. ಹತ್ತಿ ತಾನಾಗಿಯೇ ಅಲ್ಲಿಗೆ ಕರೆದೊಯ್ಯುತ್ತದೆ.

ಆದರೆ ಈ ತಾನಾಗಿ ಎಂಬ ಮಾತಿನಲ್ಲಿಯೇ ಮೂಲಶಿಕ್ಷಣವೆಂದು ಹೆಸರಾದ ಈ ವಾರ್ಧಾ ಯೋಜನೆಯ ಕಷ್ಟವೆಲ್ಲವೂ ಇದ್ದಿತು. ಕಸುಬಿಗೆ ಮಾನವ ಜೀವನದ ಮುಖ್ಯ ವ್ಯಾಪಾರಗಳೊಡನೆ ಸಹಜವಾದ ಸಂಧಿಸ್ಥಾನಗಳಿರಬೇಕೆಂದು ಸಮಿತಿಯು ಬಯಸಿದ್ದಿತು. ಕಸುಬಿನೊಡನೆ ನಿಸರ್ಗದ ಪರಿಸರವನ್ನೂ ಸಮಾಜದ ಪರಿಸರವನ್ನೂ ಸಮನ್ವಯದ ಕೇಂದ್ರಗಳನ್ನಾಗಿ ಗಣಿಸಿದ್ದಿತು. ಈ ಎಚ್ಚರವು ಶಾಲೆಯಿಂದ ಶಾಲೆಗೆ ಹರಡುವಾಗ ಉಳಿಯಲಿಲ್ಲ. ಎಲ್ಲವನ್ನೂ ತಕಲಿಗೇ ಕಟ್ಟಬೇಕೆಂಬ ಹಟ ಹಿಡಿದಾಗ, ತಕಲಿ ತಿರುಗುತ್ತದೆ, ಭೂಮಿಯೂ ತಿರುಗುತ್ತದೆ ಎಂಬಷ್ಟೇ ಸಾಮ್ಯದ ಮೇಲೆ ಖಗೋಳವನ್ನು ಹೇಳಿಕೊಡುವಂಥ ಕೃತಕತೆ ತಲೆಹಾಕುವುದು ಅನಿವಾರ್ಯ. ಮಕ್ಕಳು ಅಂಥ ಹೊಲಿಗೆಯನ್ನು ದೊಡ್ಡವರಿಗಿಂತ ಬೇಗ ಗುರುತಿಸುತ್ತಾರೆ. ಇದಕ್ಕಿಂತ ಆಳವಾದ ತೊಡಕು ಮತ್ತೊಂದು. ಮಕ್ಕಳ ನೂಲಿನ ಮಾರಾಟದಿಂದ ಉಪಾಧ್ಯಾಯರ ವೇತನ ಹುಟ್ಟಬೇಕೆಂಬ ಸ್ವಾವಲಂಬನೆಯ ಸೂತ್ರವು ಯೋಜನೆಯ ಕೊರಳಿಗೆ ಸುತ್ತಿಕೊಂಡಿದ್ದಿತು. ಆರ್ಥಿಕ ದೃಷ್ಟಿ ಮೇಲಾದರೆ ಮೇಷ್ಟರು ಬುದ್ಧಿವಿಕಾಸವನ್ನು ಮರೆತು ಮಕ್ಕಳಿಂದ ದುಡಿಮೆಯನ್ನು ಹಿಂಡುವುದರಲ್ಲಿಯೇ ಮಗ್ನರಾದಾರೆಂಬ ಅಪಾಯವನ್ನು ಸಮಿತಿಯೇ ತನ್ನ ವರದಿಯಲ್ಲಿ ಮುಂದಾಗಿ ಹೇಳಿದ್ದಿತೆಂಬುದನ್ನು ಟೀಕಾಕಾರರು ಮರೆಯಬಾರದು. ಪಾಠಗಳನ್ನು ಕೂಡಿಸುವ ವಿಚಾರವನ್ನೂ ಸಂಬಳ ಹುಟ್ಟಿಸುವ ವಿಚಾರವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದ್ದರೆ ಮೊದಲನೆಯದು ಉಳಿಯುತ್ತಿದ್ದಿತೆಂದು ನಾನು ನಂಬುತ್ತೇನೆ.

ಕಾಲವೂ ಅನುಕೂಲವಾಗಲಿಲ್ಲ. 1939ರಲ್ಲಿ, ಯೋಜನೆಗೆ ಆಸರೆಯಾಗಿದ್ದ ಪ್ರಾಂತ್ಯಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆಯಿತ್ತವು. 1942ರ ಚಳವಳಿಯು ಕಾರ್ಯಕರ್ತರನ್ನು ಸೆರೆಮನೆಗೆ ಕೊಂಡೊಯ್ದಿತು. 1945ರಲ್ಲಿ ಸೇವಾಗ್ರಾಮದ ಪರಿಷತ್ತು ನಯೀ ತಾಲೀಮ್ ಎಂದೂ ಕರೆಯಲಾದ ಈ ಶಿಕ್ಷಣವನ್ನು ಶಾಲೆ ಸೇರುವ ಮುನ್ನಿನ ಮಕ್ಕಳಿಂದ ವಯಸ್ಕರವರೆಗೆ ವಿಸ್ತರಿಸಿತು. ಸ್ವಾತಂತ್ರ್ಯಾನಂತರ ಮೂಲಶಾಲೆ ಎಂಬ ಹಲಗೆಗಳು ಊರೂರಲ್ಲಿ ಏರಿದರೂ, ಒಳಗೆ ಚರಕಗಳು ಮೂಲೆ ಸೇರಿ ಹಳೆಯ ಪಾಠಗಳೇ ಹಳೆಯ ಗಂಟೆಗೆ ನಡೆದುದು ಎಷ್ಟೋ ಕಡೆ. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗದ ಕೈಯಲ್ಲಿ ಕಸುಬು ಕಾರ್ಯಾನುಭವವೆಂಬ ಒಂದು ವಿಷಯವಾಗಿ ವೇಳಾಪತ್ರಿಕೆಯ ತನ್ನ ಪಾಲಿನ ಚೌಕವನ್ನು ಸೇರಿತು. ಎಲ್ಲಕ್ಕೂ ಕೇಂದ್ರವಾಗಬೇಕಾದುದು ಎಲ್ಲದರ ಪಕ್ಕದಲ್ಲೊಂದಾಯಿತು.

ಬೇರೊಂದು ಬಾಗಿಲಿನಿಂದ ಆ ವಿಚಾರ ಮರಳಿ ಬಂದಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಬೆನ್ನಿಗೆ ಬಂದ ಪರಿಸರ ಅಧ್ಯಯನದ ಪಠ್ಯಕ್ರಮವು ವಿಜ್ಞಾನ, ಸಮಾಜಗಳನ್ನು ಬೇರ್ಪಡಿಸದೆ ಕುಟುಂಬ ಮತ್ತು ಗೆಳೆಯರು, ಆಹಾರ, ವಸತಿ, ನೀರು, ಪ್ರಯಾಣ, ನಾವು ಮಾಡುವ ವಸ್ತುಗಳು ಮತ್ತು ಕೆಲಸಗಳು ಎಂಬ ಆರು ವಸ್ತುಗಳ ಸುತ್ತ ಹೆಣೆದುಕೊಂಡಿತು. ವಸ್ತುವನ್ನು ದಿಲ್ಲಿಯಲ್ಲಿ ಗೊತ್ತುಮಾಡಬಹುದು, ಪಾಠವನ್ನು ಮಾತ್ರ ಊರಿನಲ್ಲಿಯೇ ಕಟ್ಟಬೇಕು. ನೀರು ಎಂಬ ಶೀರ್ಷಿಕೆ ಬಂದಾಗ ಬಯಲುಸೀಮೆಯ ಉಪಾಧ್ಯಾಯಿನಿಯ ಪಾಠಟಿಪ್ಪಣಿಯಲ್ಲಿ ಊರ ಕೆರೆ ಇರಬೇಕು: ಏರಿಯ ಉದ್ದವನ್ನು ಹೆಜ್ಜೆಯಿಂದ ಅಳೆಯುವ ಲೆಕ್ಕ, ತೂಬು ತೆಗೆದಾಗ ನೀರು ಹಾಯುವ ಒತ್ತಡ, ಕೋಡಿ ಬಿದ್ದ ವರ್ಷಗಳ ನೆನಪನ್ನು ಅಜ್ಜಂದಿರಿಂದ ಕೇಳಿ ಬರೆಯುವುದು, ನೀರುಗಂಟಿಯು ಗದ್ದೆಗಳಿಗೆ ಸರದಿಯಂತೆ ನೀರು ಹಂಚುವ ನ್ಯಾಯ, ಏರಿಯ ಮೇಲೆ ಶಾಸನದ ಕಲ್ಲಿದ್ದರೆ ಕೆರೆಯನ್ನು ಕಟ್ಟಿಸಿದವರ ಹೆಸರು. ಇಂಥ ಟಿಪ್ಪಣಿಯನ್ನು ಬರೆಯಲು ಆಕೆಗೆ ಬೇಕಾದುದು ಬಿಡುವು ಮತ್ತು ನಂಬಿಕೆ. ವಾರ್ಧಾದ ಯೋಜನೆಯು ತನ್ನ ಉಪಾಧ್ಯಾಯರಿಗೆ ಸಾಕಷ್ಟು ಕೊಡಲಾಗದೆ ಹೋದದ್ದೂ ಅವೆರಡನ್ನೇ.