ಕೇಳಿದವರು ಯಾರು, ಕೇಳಿದ್ದು ಯಾವಾಗ: ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಲೈಂಗಿಕ ಸಾಮರ್ಥ್ಯದ ಅಳತೆ

ಮೂತ್ರಕೋಶದ ಕೆಳಗಿದ್ದು ಮೂತ್ರನಾಳದ ಮೊದಲ ಭಾಗವನ್ನು ಸುತ್ತುವರಿದಿರುವ ಪ್ರಾಸ್ಟೇಟ್ ಗ್ರಂಥಿಯನ್ನು ಕ್ಯಾನ್ಸರಿನ ಕಾರಣಕ್ಕೆ ಬುಡಸಹಿತ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಹ್ಯೂ ಹ್ಯಾಂಪ್ಟನ್ ಯಂಗ್ ಅವರು 1904ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ನಡೆಸಿದರು. ಈ ಚಿಕಿತ್ಸೆಯ ನಂತರ ಶಿಶ್ನದ ನಿಮಿರುವಿಕೆ ಬಹುಮಟ್ಟಿಗೆ ನಿಂತುಹೋಗುತ್ತದೆ ಎಂಬುದು ವೈದ್ಯರಿಗೆ ಗೊತ್ತಿದ್ದರೂ, ಹೆಚ್ಚುಕಡಿಮೆ ಎಲ್ಲರಿಗೂ ಆಗುವ ನಷ್ಟವೆಂದು ಭಾವಿಸಿದ್ದರಿಂದ ಅದನ್ನು ಎಣಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗ್ಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ಅವರು ವೃಷಣಗಳನ್ನು ತೆಗೆಯುವುದರಿಂದ ಅಥವಾ ಸ್ತ್ರೀ ಹಾರ್ಮೋನು ಕೊಡುವುದರಿಂದ ದೇಹದಲ್ಲಿ ಹರಡಿದ ಪ್ರಾಸ್ಟೇಟ್ ಕ್ಯಾನ್ಸರನ್ನು ಹತೋಟಿಗೆ ತರಬಹುದೆಂದು ತೋರಿಸಿದಾಗಲೂ, ಅದರೊಂದಿಗೆ ರೋಗಿಯ ಲೈಂಗಿಕ ಬಯಕೆಯೇ ಬತ್ತಿಹೋಗುವುದನ್ನು ಜೀವ ಉಳಿಸಲು ತೆರಬೇಕಾದ ಬೆಲೆಯೆಂದೇ ಪರಿಗಣಿಸಲಾಯಿತು.

ಎಣಿಕೆಗೆ ಅರ್ಥ ಬಂದದ್ದು ನಷ್ಟವನ್ನು ತಪ್ಪಿಸುವ ದಾರಿ ಕಂಡ ಮೇಲೆ. 1981ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಪ್ಯಾಟ್ರಿಕ್ ವಾಲ್ಷ್ ಅವರು ನೆದರ್‌ಲ್ಯಾಂಡ್ಸ್‌ನ ಲೈಡನ್ ನಗರದಲ್ಲಿ ನಿವೃತ್ತ ಪ್ರಾಧ್ಯಾಪಕ ಪೀಟರ್ ಡಾಂಕರ್ ಅವರೊಂದಿಗೆ ಸತ್ತು ಹುಟ್ಟಿದ ಶಿಶುವಿನ ದೇಹವನ್ನು ವಿಚ್ಛೇದಿಸಿ, ನಿಮಿರುವಿಕೆಯನ್ನು ನಡೆಸುವ ಸೂಕ್ಷ್ಮ ನರಗಳು ಗ್ರಂಥಿಯ ಒಳಗೆ ಹಾಯದೆ ಅದರ ಹೊರಪೊರೆಯ ಆಚೆ ಇಕ್ಕೆಲಗಳಲ್ಲಿ ಸಾಗುತ್ತವೆ ಎಂದು ಗುರುತಿಸಿದರು. ಈ ನರಗಳನ್ನು ಉದ್ದೇಶಪೂರ್ವಕವಾಗಿ ಉಳಿಸಿಕೊಂಡು ಗ್ರಂಥಿಯನ್ನು ಮಾತ್ರ ತೆಗೆಯುವ ಚಿಕಿತ್ಸೆ 1982ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಎಷ್ಟು ಜನರಲ್ಲಿ ಸಾಮರ್ಥ್ಯ ಉಳಿಯಿತು ಎಂಬ ಪ್ರಶ್ನೆ ಆಗ ಮೊದಲ ಬಾರಿಗೆ ಶಸ್ತ್ರವೈದ್ಯರ ಪ್ರತಿಷ್ಠೆಯ ಪ್ರಶ್ನೆಯೂ ಆಯಿತು. 1991ರಲ್ಲಿ ವಾಲ್ಷ್ ಅವರ ತಂಡ ಪ್ರಕಟಿಸಿದ ವರದಿಯ ಪ್ರಕಾರ, ಚಿಕಿತ್ಸೆಗೆ ಮುನ್ನ ಸಮರ್ಥರಾಗಿದ್ದ 503 ಪುರುಷರಲ್ಲಿ ಶೇ. 68ರಷ್ಟು ಜನ ಅನಂತರವೂ ಸಮರ್ಥರಾಗಿಯೇ ಉಳಿದಿದ್ದರು.

ಅದೇ ಕಾಲದ ಸುಮಾರಿಗೆ ನಿಮಿರುವಿಕೆಯನ್ನು ಉಪಕರಣಗಳಿಂದ ಅಳೆಯುವ ಯತ್ನಗಳೂ ನಡೆದಿದ್ದವು. ಆರೋಗ್ಯವಂತ ಪುರುಷನಲ್ಲಿ ನಿದ್ದೆಯ ಕೆಲವು ಹಂತಗಳಲ್ಲಿ ತಾನಾಗಿಯೇ ನಿಮಿರುವಿಕೆ ಉಂಟಾಗುತ್ತದೆಯಾದ್ದರಿಂದ, ಮಲಗುವ ಮುನ್ನ ಶಿಶ್ನದ ಸುತ್ತ ಅಂಚೆಚೀಟಿಗಳ ಸಾಲನ್ನು ಬಳೆಯಂತೆ ಅಂಟಿಸಿ, ಬೆಳಿಗ್ಗೆ ಅದು ಹರಿದಿದೆಯೇ ಎಂದು ನೋಡುವ ಪರೀಕ್ಷೆಯೊಂದನ್ನು 1980ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ್ದರು. ನಗು ಬರಿಸುವ ಈ ವಿಧಾನದ ಹಿಂದೆ ಗಂಭೀರವಾದ ತರ್ಕವಿತ್ತು. ದೋಷ ಮನಸ್ಸಿನದೋ ದೇಹದ್ದೋ ಎಂಬುದನ್ನು ಬೇರ್ಪಡಿಸಲು ಅದು ನೆರವಾಗುತ್ತಿತ್ತು. ಆದರೆ ನಿದ್ದೆಯಲ್ಲಿ ನಡೆಯುವುದನ್ನು ಅಳೆದ ಮಾತ್ರಕ್ಕೆ ಎಚ್ಚರದಲ್ಲಿನ ದಾಂಪತ್ಯದ ಸ್ಥಿತಿ ತಿಳಿಯುವುದಿಲ್ಲ, ಕ್ಯಾನ್ಸರ್ ರೋಗಿಗಳ ವಿಷಯದಲ್ಲಿ ತಿಳಿಯಬೇಕಾಗಿದ್ದದ್ದು ಅದೇ.

ವಾಲ್ಷ್ ಅವರ ಆಶಾದಾಯಕ ಸಂಖ್ಯೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1993ರಲ್ಲಿ. ಅಮೆರಿಕದಲ್ಲಿ ಮುಖ್ಯವಾಗಿ 65 ವರ್ಷ ದಾಟಿದವರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ಅಡಿಯಲ್ಲಿ 1988ರಿಂದ 1990ರ ಅವಧಿಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರನ್ನು ಫ್ಲಾಯ್ಡ್ ಫೌಲರ್ ಮತ್ತು ಸಂಗಡಿಗರು ಅಂಚೆ, ದೂರವಾಣಿ ಮತ್ತು ಮುಖತಃ ಸಂದರ್ಶನಗಳ ಮೂಲಕ ನೇರವಾಗಿ ವಿಚಾರಿಸಿದಾಗ, ಹಿಂದಿನ ಒಂದು ತಿಂಗಳಲ್ಲಿ ಸಂಭೋಗಕ್ಕೆ ಸಾಕಾಗುವಷ್ಟು ನಿಮಿರುವಿಕೆ ಕಂಡವರು ಶೇ. 11ರಷ್ಟು ಮಾತ್ರ ಎಂದು ತಿಳಿದುಬಂತು. ಶೇ. 68 ಮತ್ತು ಶೇ. 11ರ ನಡುವಿನ ಈ ಕಂದರಕ್ಕೆ ಯಾರದೋ ಸುಳ್ಳು ಕಾರಣವೆಂದು ತೀರ್ಮಾನಿಸುವುದು ಸರಿಯಲ್ಲ. ಒಂದು ಕಡೆ ನುರಿತ ಒಬ್ಬನೇ ವೈದ್ಯನ ಕೈಯಲ್ಲಿ ಚಿಕಿತ್ಸೆ ಪಡೆದ, ಮೊದಲೇ ಸಮರ್ಥರಾಗಿದ್ದವರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿದ್ದರೆ, ಇನ್ನೊಂದು ಕಡೆ ದೇಶದ ಎಲ್ಲ ಬಗೆಯ ಆಸ್ಪತ್ರೆಗಳಿಂದ ಬಂದ ವೃದ್ಧರಿದ್ದರು. ಆದರೂ ಇದಕ್ಕಿಂತ ಮುಖ್ಯವಾದ ವ್ಯತ್ಯಾಸವೊಂದಿತ್ತು: ತನ್ನ ಜೀವ ಉಳಿಸಿದ ವೈದ್ಯ ಎದುರು ಕುಳಿತು ಕೇಳಿದಾಗ ರೋಗಿ ಕೊಡುವ ಉತ್ತರವೂ ಅಪರಿಚಿತರು ಕೇಳಿದಾಗ ಕೊಡುವ ಉತ್ತರವೂ ಒಂದೇ ಆಗಿರುವುದಿಲ್ಲ. 1998ರಲ್ಲಿ ಮಾರ್ಕ್ ಲಿಟ್ವಿನ್ ಮತ್ತು ಸಂಗಡಿಗರು ಒಂದೇ ರೋಗಿಯ ಬಗ್ಗೆ ವೈದ್ಯ ಬರೆದದ್ದನ್ನೂ ರೋಗಿಯೇ ಬರೆದದ್ದನ್ನೂ ಎದುರುಬದುರು ಇಟ್ಟು ನೋಡಿ, ವೈದ್ಯರು ರೋಗಿಯ ತೊಂದರೆಯನ್ನು ಕಡಿಮೆಯಾಗಿ ಅಂದಾಜಿಸುತ್ತಾರೆಂದು ತೋರಿಸಿದರು.

ಹೀಗಾಗಿ ರೋಗಿಯೇ ತುಂಬುವ ಪ್ರಶ್ನಾವಳಿ ಅಳತೆಯ ಮುಖ್ಯ ಸಾಧನವಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಶಾಖೆಯಲ್ಲಿ ಲಿಟ್ವಿನ್ ಅವರ ತಂಡ ರೂಪಿಸಿದ 20 ಪ್ರಶ್ನೆಗಳ ಸೂಚ್ಯಂಕ 'ಕಾರ್ಯ' ಮತ್ತು 'ಕಿರಿಕಿರಿ' ಎಂಬ ಎರಡನ್ನು ಬೇರ್ಪಡಿಸಿತು. ದೇಹ ಎಷ್ಟು ಕೆಲಸ ಮಾಡುತ್ತದೆ ಎಂಬುದು ಮೊದಲನೆಯದಾದರೆ, ಅದು ಕೆಲಸ ಮಾಡದಿರುವುದು ಆ ವ್ಯಕ್ತಿಯನ್ನು ಎಷ್ಟು ಬಾಧಿಸುತ್ತದೆ ಎಂಬುದು ಎರಡನೆಯದು. ಈ ವಿಂಗಡಣೆ ಇಡೀ ಇತಿಹಾಸದಲ್ಲೇ ಅತ್ಯಂತ ಬೆಲೆಯುಳ್ಳ ಹೆಜ್ಜೆ, ಏಕೆಂದರೆ ಸಾಮರ್ಥ್ಯ ಪೂರ್ತಿ ಹೋಗಿಯೂ ಚಿಂತಿಸದವರು ಇರುವಂತೆಯೇ ಅಲ್ಪ ಕುಂದಿಗೇ ಕುಸಿದುಹೋಗುವವರೂ ಇರುತ್ತಾರೆ. 2000ರಲ್ಲಿ ಮಿಷಿಗನ್‌ನ ಜಾನ್ ವೇ, ಮಾರ್ಟಿನ್ ಸಾಂಡಾ ಮುಂತಾದವರು ಇದನ್ನು ವಿಸ್ತರಿಸಿ, ಹಾರ್ಮೋನು ಚಿಕಿತ್ಸೆಯ ಪರಿಣಾಮಗಳನ್ನೂ ಸೇರಿಸಿ, 50 ಪ್ರಶ್ನೆಗಳ 'ಎಪಿಕ್' ಪ್ರಶ್ನಾವಳಿಯನ್ನು ಕಟ್ಟಿದರು. ಸೊನ್ನೆಯಿಂದ ನೂರರವರೆಗೆ ಅಂಕ ಕೊಡುವ ಇದರ 26 ಪ್ರಶ್ನೆಗಳ ಕಿರುರೂಪ 2010ರಲ್ಲಿ ಬಂತು. ಇದಕ್ಕೆ ಸಮಾನಾಂತರವಾಗಿ, ವಯಾಗ್ರಾ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಸಿಲ್ಡೆನಾಫಿಲ್ ಔಷಧದ ಪ್ರಯೋಗಗಳ ಸಂದರ್ಭದಲ್ಲಿ 15 ಪ್ರಶ್ನೆಗಳ ಅಂತಾರಾಷ್ಟ್ರೀಯ ಸೂಚ್ಯಂಕವೊಂದು 1997ರಲ್ಲಿ ಪ್ರಕಟವಾಗಿ ಜಗತ್ತಿನಾದ್ಯಂತ ಬಳಕೆಗೆ ಬಂತು.

ಸಾಧನ ಸಿದ್ಧವಾದ ಮೇಲೆ ಉಳಿದದ್ದು ಕಾಲದ ಸಮಸ್ಯೆ. 1994-95ರಲ್ಲಿ ರೋಗ ಪತ್ತೆಯಾದವರನ್ನು ಹಿಂಬಾಲಿಸಿದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯಾಗಿ ಒಂದೂವರೆ ವರ್ಷ ಅಥವಾ ಹೆಚ್ಚು ಕಳೆದಿದ್ದ 1,291 ಜನರಲ್ಲಿ ಶೇ. 59.9ರಷ್ಟು ಜನರಿಗೆ ಸಂಭೋಗಕ್ಕೆ ಸಾಕಾಗುವಷ್ಟು ನಿಮಿರುವಿಕೆ ಸಾಧ್ಯವಾಗುತ್ತಿರಲಿಲ್ಲ. ಎರಡು ಮತ್ತು ಐದನೆಯ ವರ್ಷಗಳಲ್ಲಿ ವಿಕಿರಣ ಚಿಕಿತ್ಸೆ ಪಡೆದವರ ಸ್ಥಿತಿ ಉತ್ತಮವಾಗಿ ಕಂಡಿತ್ತು. ಆದರೆ 2013ರಲ್ಲಿ ಹದಿನೈದು ವರ್ಷಗಳ ಫಲಿತಾಂಶ ಪ್ರಕಟವಾದಾಗ ನಿಮಿರುವಿಕೆಯ ದೋಷ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 87.0, ವಿಕಿರಣದ ಗುಂಪಿನಲ್ಲಿ ಶೇ. 93.9ರಷ್ಟಿದ್ದು, ಎರಡರ ನಡುವೆ ಗಣನೀಯ ಅಂತರವೇ ಉಳಿದಿರಲಿಲ್ಲ. ಕತ್ತರಿ ಒಮ್ಮೆಗೇ ಮಾಡುವ ಹಾನಿಯನ್ನು ವಿಕಿರಣ ನಿಧಾನವಾಗಿ ಮಾಡುತ್ತದೆ, ಉಳಿದದ್ದನ್ನು ವಯಸ್ಸು ಮಾಡುತ್ತದೆ.

ಈ ಅಮೆರಿಕದ ಅಧ್ಯಯನಕ್ಕೂ ಒಂದು ಕೊರತೆಯಿತ್ತು: ರೋಗಕ್ಕೆ ಮುಂಚಿನ ಸ್ಥಿತಿಯನ್ನು ಅದು ರೋಗ ಪತ್ತೆಯಾಗಿ ಆರು ತಿಂಗಳಾದ ಮೇಲೆ ನೆನಪಿನ ಆಧಾರದಲ್ಲಿ ಕೇಳಿತ್ತು, ಕಳೆದುಕೊಂಡದ್ದರ ನೆನಪಾದರೋ ಇದ್ದದ್ದಕ್ಕಿಂತ ಸೊಗಸಾಗಿರುವುದೇ ಹೆಚ್ಚು. ಬ್ರಿಟನ್ನಿನ 'ಪ್ರೊಟೆಕ್ಟ್' ಪ್ರಯೋಗ ಈ ಲೋಪವನ್ನು ತುಂಬಿತು. ಅಲ್ಲಿ 1,643 ಪುರುಷರನ್ನು ಯಾದೃಚ್ಛಿಕವಾಗಿ, ಎಂದರೆ ಚೀಟಿ ಎತ್ತಿದಂತೆ, ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಚಿಕಿತ್ಸೆಯಿಲ್ಲದೆ ನಿಗಾದಲ್ಲಿಡುವ ಮೂರು ಗುಂಪುಗಳಿಗೆ ಹಂಚಲಾಗಿತ್ತು, ಮೊದಲ ಪ್ರಶ್ನಾವಳಿಯನ್ನು ರೋಗ ಪತ್ತೆಯಾಗುವ ಮುನ್ನವೇ ತುಂಬಿಸಿಕೊಳ್ಳಲಾಗಿತ್ತು. 2016ರ ವರದಿಯಂತೆ ಆರಂಭದಲ್ಲಿ ಶೇ. 67ರಷ್ಟು ಜನರಿಗೆ ಸಂಭೋಗಕ್ಕೆ ಸಾಕಾಗುವ ನಿಮಿರುವಿಕೆಯಿತ್ತು. ಆರು ತಿಂಗಳಲ್ಲಿ ಅದು ನಿಗಾದ ಗುಂಪಿನಲ್ಲಿ 52ಕ್ಕೆ, ವಿಕಿರಣದಲ್ಲಿ 22ಕ್ಕೆ, ಶಸ್ತ್ರಚಿಕಿತ್ಸೆಯಲ್ಲಿ 12ಕ್ಕೆ ಇಳಿಯಿತು. ಆರು ವರ್ಷಗಳಾದಾಗ ಈ ಪ್ರಮಾಣಗಳು ಕ್ರಮವಾಗಿ 30, 27 ಮತ್ತು 17 ಆಗಿದ್ದವು. ಮೊದಲ ಅಳತೆ ಇಲ್ಲದಿದ್ದರೆ, ಮೂರರಲ್ಲಿ ಒಬ್ಬ ಪುರುಷನಿಗೆ ಚಿಕಿತ್ಸೆಗೂ ಮುಂಚೆಯೇ ಇದ್ದ ಕೊರತೆಯನ್ನು ಚಿಕಿತ್ಸೆಯ ತಲೆಗೇ ಕಟ್ಟಬೇಕಾಗುತ್ತಿತ್ತು.

ಪ್ರಶ್ನಾವಳಿಗಳೂ ದೋಷಮುಕ್ತವಲ್ಲ. 1997ರ ಸೂಚ್ಯಂಕ ಕಳೆದ ನಾಲ್ಕು ವಾರಗಳನ್ನಷ್ಟೇ ಕೇಳುವುದರಿಂದ, ಆ ಅವಧಿಯಲ್ಲಿ ಸಂಗಾತಿಯಿಲ್ಲದೆ ಅಥವಾ ಅನಾರೋಗ್ಯದ ಕಾರಣ ಸಂಭೋಗಕ್ಕೆ ಯತ್ನಿಸದವನಿಗೆ ಹಲವು ಪ್ರಶ್ನೆಗಳಲ್ಲಿ ಸೊನ್ನೆ ಬಿದ್ದು, ಅವನು ತೀವ್ರ ದೋಷವಿರುವವರ ಪಟ್ಟಿಗೆ ಸೇರಿಬಿಡುತ್ತಾನೆ. ಗಂಡು-ಹೆಣ್ಣಿನ ಸಂಭೋಗವನ್ನೇ ಮಾದರಿಯಾಗಿಟ್ಟುಕೊಂಡ ಪ್ರಶ್ನೆಗಳು ಸಲಿಂಗಿ ಪುರುಷರಿಗೆ ಹೊಂದುವುದಿಲ್ಲ. ಮಾತ್ರೆಯ ನೆರವಿನಿಂದ ಪಡೆದ ನಿಮಿರುವಿಕೆಯನ್ನು ಸ್ವಂತ ಸಾಮರ್ಥ್ಯದೊಂದಿಗೆ ಕೂಡಿಸಿ ಹೇಳುವ ವರದಿಗಳೂ ಉಂಟು. ಇಷ್ಟಾದರೂ, 2015ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಗುಂಪೊಂದು ಪ್ರಾಸ್ಟೇಟ್ ಗ್ರಂಥಿಗೆ ಸೀಮಿತವಾದ ಕ್ಯಾನ್ಸರಿಗೆ ಎಲ್ಲ ದೇಶಗಳ ಆಸ್ಪತ್ರೆಗಳೂ ಬಳಸಬಹುದಾದ ಸಮಾನ ಅಳತೆಯೊಂದನ್ನು ಶಿಫಾರಸು ಮಾಡಿದಾಗ ಆಯ್ದುಕೊಂಡದ್ದು 26 ಪ್ರಶ್ನೆಗಳ ಎಪಿಕ್ ಅನ್ನೇ. ಅದನ್ನು ಚಿಕಿತ್ಸೆಗೆ ಮೊದಲೊಮ್ಮೆ ತುಂಬಿಸಿಕೊಂಡು, ಆಮೇಲೆ ವರ್ಷಗಳ ಕಾಲ ಮತ್ತೆ ಮತ್ತೆ ತುಂಬಿಸಿಕೊಳ್ಳಬೇಕೆಂದು ಆ ಗುಂಪು ಸೂಚಿಸಿತು.