ಆಯಿಯ ಜಾಲಿ ತೊಗಟೆ

ಅಫಜಲಪುರದ ಹತ್ತಿರ ನಮ್ಮೂರಲ್ಲಿ ಭೀಮೆಯ ದಂಡೆಗುಂಟ ಜಾಲಿ ಗಿಡಗಳಿದ್ದವು. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ನಮ್ಮ ಆಯಿ ಜಾಲಿ ತೊಗಟೆ ಕುದಿಸಿ, ಆರಿಸಿ, ಆ ಕೆಂಪು ನೀರಿನಿಂದ ಗಾಯ ತೊಳೆಯುತ್ತಿದ್ದಳು. ನೋವು ಹೋಯಿತೆಂದು ಮೂರನೆಯ ದಿನ ನಾನು ಓಡಿದರೆ, "ಪೂರಾ ಮಾಯೂತನಕ ಬಿಡಬಾರ್ದವ್ವಾ" ಎಂದು ಹಿಡಿದು ಕೂಡಿಸುತ್ತಿದ್ದಳು. ಆಳಂದ, ಜೇವರ್ಗಿಯ ಕಡೆಗೂ ಬೇವು, ತುಂಬೆ, ಲಕ್ಕಿ, ಅಡುಸೋಗೆಗಳು ಹೀಗೆಯೇ ಹೆಂಗಸರ ಕೈಯಲ್ಲಿ ಉಳಿದುಬಂದವು.

ಆಮೇಲೆ ಗುಳಿಗೆಗಳ ಕಾಲ ಬಂತು. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, 1945ರ ನೊಬೆಲ್ ಭಾಷಣದಲ್ಲಿ ಒಂದು ಕಥೆ ಹೇಳಿದ. ಗಂಟಲು ನೋವಿಗೆ ಗಂಡ ಅರೆಬರೆ ಔಷಧಿ ತೆಗೆದುಕೊಳ್ಳುತ್ತಾನೆ. ಸಾಯದೆ ಉಳಿದ ಕ್ರಿಮಿಗಳು ಔಷಧಿಗೆ ಬಗ್ಗದಂತಾಗಿ ಹೆಂಡತಿಗೆ ಅಂಟುತ್ತವೆ. ಸಾಯುವವಳು ಅವಳು!

ಆ ಕಥೆ ನನಗೆ ಗೊತ್ತಾದದ್ದು ತಡವಾಗಿ. ಮಗಳಿಗೆ ಏಳು ವರ್ಷವಿದ್ದಾಗ ಉರಿಮೂತ್ರವಾಗಿ ಜ್ವರ ಬಂತು. ಜ್ವರ ಇಳಿದದ್ದೇ ತಡ, ಉಳಿದ ಗುಳಿಗೆಗಳನ್ನು ನಾನೇ ಎತ್ತಿಟ್ಟೆ. ಹದಿನೈದು ದಿನಕ್ಕೆ ಜ್ವರ ಮರಳಿತು. ಅದೇ ಗುಳಿಗೆ ಈ ಸಲ ನಾಟಲಿಲ್ಲ. ಡಾಕ್ಟರು ಮೂತ್ರದ ಪರೀಕ್ಷೆ ಮಾಡಿಸಿದರು. ಅಗರ್ ಹಾಕಿದ ತಟ್ಟೆಗೆ ಬ್ಯಾಕ್ಟೀರಿಯಾ ಸವರಿ, ಔಷಧಿಯ ಬಿಲ್ಲೆಗಳನ್ನಿಟ್ಟು ಒಂದು ರಾತ್ರಿ ಕಾವಿನಲ್ಲಿಡುತ್ತಾರೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿ ಉಂಗುರ ಮೂಡುತ್ತದೆ. ಮಗಳ ತಟ್ಟೆಯಲ್ಲಿ ಹಳೆಯ ಗುಳಿಗೆಯ ಸುತ್ತ ಉಂಗುರವೇ ಇರಲಿಲ್ಲ. ಬೇರೆ ಔಷಧಿಯಿಂದ ಅವಳು ಉಳಿದಳು.

ಗಿಡಮೂಲಿಕೆಗಳನ್ನು ಪರೀಕ್ಷಿಸುವುದೂ ಇಂಥ ತಟ್ಟೆಯಲ್ಲೇ. 1980ರಲ್ಲಿ ಆರಂಭವಾದ ನಮ್ಮ ಗುಲ್ಬರ್ಗಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದವರೂ ಈ ಭಾಗದ ಮೂಲಿಕೆಗಳನ್ನು ಅಭ್ಯಸಿಸಿದ್ದಾರೆ. ಎಲೆ, ತೊಗಟೆ ಒಣಗಿಸಿ ಪುಡಿಮಾಡಿ, ನೀರು ಇಲ್ಲವೆ ಆಲ್ಕೊಹಾಲಿನಲ್ಲಿ ಸಾರ ಇಳಿಸಿ, ಉಂಗುರವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಹಲವು ಔಷಧಿಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನೂ ಜಾಲಿಯ ಸಾರ ತಡೆದ ಪ್ರಯೋಗಗಳುಂಟು. ಅದರ ಒಗರಿನ ಟ್ಯಾನಿನ್ ಒಂದು ಕಾರಣ.

ಓದಿ ಹಿಗ್ಗಿದೆ. ಆದರೆ ತಟ್ಟೆಯಲ್ಲಿ ಗೆದ್ದದ್ದು ಮೈಯೊಳಗೂ ಗೆಲ್ಲಬೇಕೆಂದಿಲ್ಲ. ಎಷ್ಟು ಕೊಡಬೇಕು, ಮೂತ್ರಪಿಂಡ, ಯಕೃತ್ತಿಗೆ ಕೇಡಾದೀತೇ ಎಂಬುದನ್ನು ತಟ್ಟೆ ಹೇಳುವುದಿಲ್ಲ. ಮಗಳ ಜ್ವರಕ್ಕೆ ಆಯಿಯ ಕಷಾಯ ನಂಬಿ ಕೂತಿದ್ದರೆ ಏನಾಗುತ್ತಿತ್ತೋ!

ಆಯಿಯ ತೊಗಟೆಗೆ ಇನ್ನೂ ಪರೀಕ್ಷೆಗಳಿವೆ. ಅವಳ ಮಾತಿಗೆ ಬೇಡ. ಈಗ ಡಾಕ್ಟರು ಬರೆದ ಗುಳಿಗೆಗಳನ್ನು ದಿನ ಎಣಿಸಿ ಕೊಡುತ್ತೇನೆ. ಮಗಳು ಮುಖ ಸಿಂಡರಿಸಿದರೆ ನನ್ನ ಬಾಯಲ್ಲೂ ಅದೇ ಮಾತು: "ಪೂರಾ ಮಾಯೂತನಕ ಬಿಡಬಾರ್ದವ್ವಾ."